ಮಾಡಿದವನು, ಮಾಡುವವನು, ಮಾಡಿಯಾನು: ಲೈಂಗಿಕ ಅಪರಾಧದ ಪುನರಾವರ್ತನೆಯನ್ನು ಅಳೆಯುವ ಭಾಷೆ

1

ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಕಲಿತವರಿಗೆಲ್ಲ ಸಂಭಾವನಾರ್ಥಕ ಕ್ರಿಯಾರೂಪದ ಪರಿಚಯವಿರುತ್ತದೆ. 'ಮಳೆ ಬಂದೀತು', 'ಅವನು ಹೋದಾನು', 'ಅವರು ಮಾಡಿಯಾರು' ಎಂಬ ಉದಾಹರಣೆಗಳನ್ನು ಬಾಯಿಪಾಠ ಮಾಡಿ ನಾವು ಮುಂದೆ ಸಾಗಿರುತ್ತೇವೆ. ಕ್ರಿಯೆಯೊಂದು ನಡೆಯಬಹುದು, ನಡೆಯದೆಯೂ ಇರಬಹುದು ಎಂಬ ಎರಡೂ ಅರ್ಥಗಳನ್ನು ಒಂದೇ ಪದದಲ್ಲಿ ಹಿಡಿದಿಡುವ ಈ ರೂಪ ನಮ್ಮ ಭಾಷೆಯ ವಿವೇಕಗಳಲ್ಲೊಂದು. ಇಂದಿನ ವರದಿಗಾರಿಕೆಯ ಹಾಗೂ ಕಚೇರಿಗಳ ಕನ್ನಡದಲ್ಲಿ ಈ ರೂಪ ಬಹುಮಟ್ಟಿಗೆ ಕಾಣೆಯಾಗಿದೆ. ಅದರ ಸ್ಥಾನವನ್ನು 'ಸಾಧ್ಯತೆ ಇದೆ' ಎಂಬ ನಿರ್ಜೀವ ಪದಪುಂಜ ಆಕ್ರಮಿಸಿಕೊಂಡಿದೆ. ಅದಕ್ಕಿಂತ ಹೆಚ್ಚಾಗಿ, ಸಂಶಯವೇ ಇಲ್ಲದ ಕೃದಂತನಾಮಗಳು ಆಕ್ರಮಿಸಿಕೊಂಡಿವೆ.

ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದ ವ್ಯಕ್ತಿಯೊಬ್ಬ ಮತ್ತೆ ಅಂಥದೇ ಅಪರಾಧ ಎಸಗುವ ಸಂಭವವೆಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರವೊಂದು ಕಳೆದ ಕೆಲವು ದಶಕಗಳಲ್ಲಿ ಕೆನಡಾ, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬೆಳೆದಿದೆ. ಅದರ ಪರಿಭಾಷೆ ಈಗ ಭಾರತದ ಕಾನೂನು ಚರ್ಚೆಯೊಳಗೂ ಪ್ರವೇಶಿಸಿದೆ. ಆ ಶಾಸ್ತ್ರವನ್ನು ಮನಶ್ಶಾಸ್ತ್ರಜ್ಞನ ದೃಷ್ಟಿಯಿಂದಲ್ಲ, ಪಠ್ಯವಿಮರ್ಶೆಯ ದೃಷ್ಟಿಯಿಂದ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಮಂಡಿಸಲು ಹೊರಟಿರುವ ವಿಚಾರವನ್ನು ಮೊದಲೇ ಹೇಳಿಬಿಡುವುದು ಸೂಕ್ತ. ಕಾನೂನಿನ ಶಿಕ್ಷೆಗೆ ಆಧಾರವಾಗುವವನು 'ಮಾಡಿದವನು'. ಬೀದಿಯ ಭಯಕ್ಕೆ ಆಧಾರವಾಗುವವನು 'ಮಾಡುವವನು'. ಅಳತೆಯ ಶಾಸ್ತ್ರ ಪ್ರಾಮಾಣಿಕವಾಗಿ ಹೇಳಬಲ್ಲದ್ದು 'ಮಾಡಿಯಾನು' ಎಂಬುದನ್ನಷ್ಟೇ. ನಿಷ್ಠುರವಾಗಿ ಹೇಳುವುದಾದರೆ 'ಇಂಥವರು ನೂರು ಮಂದಿಯಿದ್ದರೆ ಇಷ್ಟು ಮಂದಿ ಮಾಡಿಯಾರು' ಎಂಬುದನ್ನಷ್ಟೇ. ಈ ಮೂರು ರೂಪಗಳ ಗಡಿಗಳು ಕಲಸಿಹೋದಾಗ ಎರಡು ಬಗೆಯ ಅನ್ಯಾಯಗಳು ಏಕಕಾಲದಲ್ಲಿ ಸಂಭವಿಸುತ್ತವೆ. ಮತ್ತೆ ಅಪರಾಧ ಮಾಡದವನು ಮಾಡುವವನಾಗಿ ಉಳಿದುಬಿಡುತ್ತಾನೆ. ಮಾಡಲಿರುವವನು ಅಳತೆಯ ಕಣ್ಣು ತಪ್ಪಿಸಿ ಮನೆಯೊಳಗೇ ಉಳಿದುಬಿಡುತ್ತಾನೆ. ಎರಡನೆಯ ಅನ್ಯಾಯಕ್ಕೆ ಬೆಲೆ ತೆರುವವರು ಹೆಂಗಸರು ಮತ್ತು ಮಕ್ಕಳು. ಆದುದರಿಂದ ಇದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ.

2

ವ್ಯಕ್ತಿಯ ಮುಂದಿನ ನಡತೆಯನ್ನು ಊಹಿಸುವಲ್ಲಿ ಅನುಭವಸ್ಥ ತಜ್ಞನ ಒಳನೋಟ ಮೇಲೋ ಸರಳವಾದ ಲೆಕ್ಕ ಮೇಲೋ ಎಂಬ ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ 1954ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಹೂಡಿದರು. ಅವರ ತೀರ್ಮಾನ ಲೆಕ್ಕದ ಪರವಾಗಿತ್ತು. ಮಾನಸಿಕ ಚಿಕಿತ್ಸಕನೊಬ್ಬ ಕೈದಿಯೊಡನೆ ಗಂಟೆಗಟ್ಟಲೆ ಮಾತಾಡಿ 'ಇವನು ಅಪಾಯಕಾರಿ' ಎಂದು ನೀಡುವ ಅಭಿಪ್ರಾಯಕ್ಕಿಂತ, ಕೆಲವೇ ನಿಶ್ಚಿತ ಅಂಶಗಳನ್ನು ಕೂಡಿಸಿ ತೆಗೆದ ಮೊತ್ತ ಹೆಚ್ಚು ವಿಶ್ವಾಸಾರ್ಹವೆಂಬ ಈ ವಾದವನ್ನು ನಂತರದ ಅನೇಕ ಅಧ್ಯಯನಗಳು ಸಮರ್ಥಿಸಿದವು.

ಲೈಂಗಿಕ ಅಪರಾಧದ ಕ್ಷೇತ್ರದಲ್ಲಿ ಈ ಪರಂಪರೆಯ ಅತ್ಯಂತ ಪ್ರಸಿದ್ಧ ಫಲ 'ಸ್ಟಾಟಿಕ್-99'. ಕೆನಡಾದ ಕಾರ್ಲ್ ಹ್ಯಾನ್ಸನ್ ಮತ್ತು ಬ್ರಿಟನ್ನಿನ ಡೇವಿಡ್ ಥಾರ್ನ್‌ಟನ್ ಅವರವರು ಮೊದಲೇ ಬಳಸುತ್ತಿದ್ದ ಎರಡು ಅಳತೆಗಳನ್ನು ಕೂಡಿಸಿ ರೂಪಿಸಿದ ಈ ಪಟ್ಟಿಯಲ್ಲಿ ಕೇವಲ ಹತ್ತು ಅಂಶಗಳಿವೆ. ಬಿಡುಗಡೆಯ ಕಾಲಕ್ಕೆ ವಯಸ್ಸೆಷ್ಟು, ಎರಡು ವರ್ಷವಾದರೂ ಸಂಗಾತಿಯೊಡನೆ ಬಾಳಿದ್ದಾನೆಯೇ, ಈಗಿನ ಪ್ರಕರಣದಲ್ಲಿ ಲೈಂಗಿಕವಲ್ಲದ ಹಿಂಸೆಯ ಆರೋಪವೂ ರುಜುವಾತಾಗಿದೆಯೇ, ಹಿಂದೆ ಅಂಥ ಹಿಂಸೆಗೆ ಶಿಕ್ಷೆಯಾಗಿತ್ತೇ, ಹಿಂದಿನ ಲೈಂಗಿಕ ಅಪರಾಧಗಳೆಷ್ಟು, ಒಟ್ಟು ಎಷ್ಟು ಬಾರಿ ಶಿಕ್ಷೆ ವಿಧಿಸಲಾಗಿದೆ, ದೇಹಸ್ಪರ್ಶವಿಲ್ಲದ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿದೆಯೇ, ನೊಂದವರಲ್ಲಿ ರಕ್ತಸಂಬಂಧ ಅಥವಾ ಕುಟುಂಬಸಂಬಂಧ ಇಲ್ಲದವರಿದ್ದಾರೆಯೇ, ಅಪರಿಚಿತರಿದ್ದಾರೆಯೇ, ಗಂಡಸರು ಅಥವಾ ಹುಡುಗರಿದ್ದಾರೆಯೇ. ಇಷ್ಟೇ. ಹಿಂದಿನ ಲೈಂಗಿಕ ಅಪರಾಧಗಳಿಗೆ 3ರವರೆಗೂ ಅಂಕ ದೊರೆಯುತ್ತದೆ. ನಂತರ ಪರಿಷ್ಕೃತಗೊಂಡ 'ಸ್ಟಾಟಿಕ್-99ಆರ್' ಎಂಬ ಆವೃತ್ತಿಯಲ್ಲಿ ವಯಸ್ಸಿನ ಲೆಕ್ಕ ಬದಲಾಯಿತು: 60 ದಾಟಿದವನ ಮೊತ್ತದಿಂದ 3 ಅಂಕ ಕಳೆಯಲಾಗುತ್ತದೆ. ಹೀಗಾಗಿ ಮೊತ್ತ -3ರಿಂದ 12ರವರೆಗೆ ವ್ಯಾಪಿಸುತ್ತದೆ.

ಈ ಪಟ್ಟಿಯನ್ನು ಒಂದು ಪಠ್ಯವೆಂದು ಭಾವಿಸಿ ಓದಿದಾಗ ಮೊದಲು ಎದ್ದುಕಾಣುವುದು ಅದರಲ್ಲಿ ಇಲ್ಲದಿರುವ ಸಂಗತಿಗಳು. ಪಶ್ಚಾತ್ತಾಪದ ಮಾತು ಇಲ್ಲಿ ಇಲ್ಲ. ನೊಂದವರ ದುಃಖದ ಅಳತೆ ಇಲ್ಲ. ಅಪರಾಧ ಎಷ್ಟು ಕ್ರೂರವಾಗಿತ್ತೆಂಬುದಕ್ಕೂ ನೇರವಾದ ಅಂಕವಿಲ್ಲ. ಒಂದು ಅಪರಾಧದ ಘೋರತೆ ಮತ್ತು ಅದು ಮರುಕಳಿಸುವ ಸಂಭವ ಇವೆರಡೂ ಬೇರೆಬೇರೆ ಎಂಬ ತತ್ತ್ವದ ಮೇಲೆ ಪಟ್ಟಿ ನಿಂತಿದೆ. ಸಾಮಾನ್ಯ ಓದುಗನಿಗೆ ಇದು ನಿರ್ದಯವೆನಿಸಬಹುದು. ಆದರೆ ಇಲ್ಲಿ ಒಂದು ಸಂಯಮವೂ ಇದೆ. ಅಪರಾಧಕ್ಕೆ ತಕ್ಕ ಶಿಕ್ಷೆ ಯಾವುದೆಂಬುದು ನ್ಯಾಯಾಲಯದ ಪ್ರಶ್ನೆ. ಮುಂದೇನಾದೀತು ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಇವೆರಡೂ ಸದಾ ಒಂದರೊಳಗೊಂದು ಬೆರೆತುಹೋಗುವುದನ್ನು ಗಮನಿಸಿದರೆ ಈ ಸಂಯಮದ ಬೆಲೆ ಅರಿವಾಗುತ್ತದೆ.

ಎರಡನೆಯದಾಗಿ, ಪಟ್ಟಿಯ ಹೆಸರೇ ಹೇಳುವಂತೆ ಇವು ಸ್ಥಿರವಾದ ಅಂಶಗಳು. ವಯಸ್ಸೊಂದನ್ನು ಬಿಟ್ಟರೆ ಬಹುಪಾಲು ಎಲ್ಲವೂ ಭೂತಕಾಲಕ್ಕೆ ಸೇರಿದವು. ಕೈದಿ ಏನೇ ಮಾಡಿದರೂ ತನ್ನ ನಿನ್ನೆಗಳನ್ನು ತಿದ್ದಲಾರ. 'ಮಾಡಿದವನು' ಎಂಬ ಪದದಿಂದ 'ಮಾಡಿಯಾನು' ಎಂಬ ಪದವನ್ನು ಹುಟ್ಟಿಸುವ ಪ್ರಯತ್ನವೇ ಈ ಪಟ್ಟಿ.

3

ಈ ಪ್ರಯತ್ನ ಎಷ್ಟರಮಟ್ಟಿಗೆ ಸಫಲವಾಗಿದೆ? ಮತ್ತೆ ಅಪರಾಧ ಮಾಡಿದ ಒಬ್ಬನನ್ನೂ ಮಾಡದ ಒಬ್ಬನನ್ನೂ ಯಾದೃಚ್ಛಿಕವಾಗಿ ಆರಿಸಿಕೊಂಡರೆ, ಮೊದಲನೆಯವನ ಅಂಕ ಹೆಚ್ಚಾಗಿರುವ ಸಂಭವ ಸುಮಾರು ನೂರಕ್ಕೆ 70. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ. ಎಂದರೆ ಅಳತೆಗೆ ಕಣ್ಣಿದೆ, ಆದರೆ ದಿವ್ಯದೃಷ್ಟಿಯಿಲ್ಲ. ತಜ್ಞರು ಈ ಶಕ್ತಿಯನ್ನು 'ಸಾಧಾರಣ' ಎಂದೇ ವರ್ಣಿಸುತ್ತಾರೆ.

ಇನ್ನು ಮೂಲ ಪ್ರಮಾಣದ ಪ್ರಶ್ನೆ. ಹ್ಯಾನ್ಸನ್ ಮತ್ತು ಬುಸಿಯೇರ್ 1998ರಲ್ಲಿ 61 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾಲ್ಕೈದು ವರ್ಷಗಳ ಅವಧಿಯಲ್ಲಿ ಮತ್ತೆ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರ ಪ್ರಮಾಣ ಶೇ. 13.4 ಎಂದು ಕಂಡುಬಂತು. 2004ರಲ್ಲಿ ಹ್ಯಾರಿಸ್ ಮತ್ತು ಹ್ಯಾನ್ಸನ್ ಪ್ರಕಟಿಸಿದ ದೀರ್ಘಾವಧಿಯ ಲೆಕ್ಕದಲ್ಲಿ ಈ ಪ್ರಮಾಣ 5 ವರ್ಷಕ್ಕೆ ಶೇ. 14, 10 ವರ್ಷಕ್ಕೆ ಶೇ. 20, 15 ವರ್ಷಕ್ಕೆ ಶೇ. 24. ಅಮೆರಿಕದ 15 ರಾಜ್ಯಗಳಲ್ಲಿ 1994ರಲ್ಲಿ ಬಿಡುಗಡೆಯಾದ 9,691 ಮಂದಿಯಲ್ಲಿ ಮೂರು ವರ್ಷದೊಳಗೆ ಮತ್ತೆ ಲೈಂಗಿಕ ಅಪರಾಧದ ಆರೋಪದ ಮೇಲೆ ಬಂಧಿತರಾದವರು ಶೇ. 5.3. ಇವು ಅಲಕ್ಷಿಸಬಹುದಾದ ಸಂಖ್ಯೆಗಳಲ್ಲ. ಹಾಗೆಂದು 'ಇವರೆಲ್ಲರೂ ಮತ್ತೆ ಮಾಡುವವರೇ' ಎಂಬ ಜನಾಭಿಪ್ರಾಯಕ್ಕೆ ಹತ್ತಿರವಾದವೂ ಅಲ್ಲ.

ಮೂಲ ಪ್ರಮಾಣ ಕಡಿಮೆಯಿರುವಾಗ ಅಳತೆಯ ತೀರ್ಪು ಹೇಗೆ ವರ್ತಿಸುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಬಿಡುಗಡೆಯಾದ ಸಾವಿರ ಮಂದಿಯಲ್ಲಿ ನೂರು ಮಂದಿ ಮತ್ತೆ ಅಪರಾಧ ಮಾಡುತ್ತಾರೆಂದು ಇಟ್ಟುಕೊಳ್ಳೋಣ. ನಮ್ಮ ಕಲ್ಪಿತ ಅಳತೆ ಮಾಡುವವರಲ್ಲಿ ನೂರಕ್ಕೆ 70 ಮಂದಿಯನ್ನೂ ಮಾಡದವರಲ್ಲಿ ನೂರಕ್ಕೆ 70 ಮಂದಿಯನ್ನೂ ಸರಿಯಾಗಿ ಗುರುತಿಸುತ್ತದೆ. ಆಗ 'ಅಪಾಯಕಾರಿ' ಎಂಬ ಪಟ್ಟಿ ಸೇರುವವರು 340 ಮಂದಿ. ಅವರಲ್ಲಿ ನಿಜವಾಗಿ ಅಪರಾಧ ಮಾಡುವವರು 70, ಮಾಡದವರು 270. ಪಟ್ಟಿಯ ಹೊರಗುಳಿದ 660 ಮಂದಿಯಲ್ಲಿಯೂ 30 ಮಂದಿ ಮಾಡುತ್ತಾರೆ. ಇಷ್ಟರಿಂದ ಅಳತೆ ನಿಷ್ಪ್ರಯೋಜಕವೆಂದು ಹೇಳಲಾಗದು. ಪಟ್ಟಿಯೊಳಗೆ ಐವರಲ್ಲೊಬ್ಬ, ಹೊರಗೆ ಇಪ್ಪತ್ತೆರಡರಲ್ಲೊಬ್ಬ ಎಂಬ ವ್ಯತ್ಯಾಸ ನಿಗಾವಣೆಯ ಸಿಬ್ಬಂದಿಯನ್ನು ಎಲ್ಲಿ ನಿಯೋಜಿಸಬೇಕೆಂಬುದನ್ನು ನಿರ್ಧರಿಸಲು ಬಹಳ ಉಪಯುಕ್ತ. ಆದರೆ ಅದೇ ವ್ಯತ್ಯಾಸ ಆ 340 ಮಂದಿಯ ಪ್ರತಿಯೊಬ್ಬನನ್ನೂ 'ಮಾಡುವವನು' ಎಂದು ಕರೆಯುವ ಅಧಿಕಾರವನ್ನು ನಮಗೆ ನೀಡುವುದಿಲ್ಲ. ಬಹುವಚನದ ಸತ್ಯ ಏಕವಚನದಲ್ಲಿ ಸತ್ಯವಾಗಿ ಉಳಿಯಬೇಕಿಲ್ಲ.

ಈ ಅಪಾಯವನ್ನು ಶಾಸ್ತ್ರಜ್ಞರೇ ಅರಿತುಕೊಂಡುದಕ್ಕೆ ಸಾಕ್ಷಿಯಿದೆ. 'ಕಡಿಮೆ', 'ಮಧ್ಯಮ', 'ಹೆಚ್ಚು' ಎಂಬ ಹಳೆಯ ಹಣೆಪಟ್ಟಿಗಳನ್ನು ಓದುಗರು ತಮತಮಗೆ ತೋಚಿದಂತೆ ಅರ್ಥೈಸಿಕೊಳ್ಳುತ್ತಿದ್ದರು. ಒಬ್ಬ ನ್ಯಾಯಾಧೀಶನ 'ಹೆಚ್ಚು' ಇನ್ನೊಬ್ಬನ 'ಮಧ್ಯಮ'ವಾಗುತ್ತಿತ್ತು. ಆದ್ದರಿಂದ ಈಚಿನ ವರ್ಷಗಳಲ್ಲಿ ಸ್ಟಾಟಿಕ್-99ಆರ್ ಆ ಪದಗಳನ್ನು ಕೈಬಿಟ್ಟು, ಸರಾಸರಿಗೆ ಹೋಲಿಸಿ ಹೇಳುವ ಐದು ಸ್ತರಗಳನ್ನು ಅಂಗೀಕರಿಸಿತು: ಅತಿ ಕಡಿಮೆ, ಸರಾಸರಿಗಿಂತ ಕೆಳಗೆ, ಸರಾಸರಿ, ಸರಾಸರಿಗಿಂತ ಮೇಲೆ, ಸರಾಸರಿಗಿಂತ ಬಹಳ ಮೇಲೆ. ಅಂಕ ಕೂಡಿಸುವ ನಿಯಮಗಳು ಹಾಗೇ ಉಳಿದಿದ್ದು ಪದಗಳು ಮಾತ್ರ ಬದಲಾದ ಈ ಘಟನೆ ಭಾಷಾಧ್ಯಯನ ಮಾಡುವವರ ಗಮನಕ್ಕೆ ಅರ್ಹವಾದುದು. ಸಂಖ್ಯೆಯೂ ಕೊನೆಗೆ ಪದದ ಮೂಲಕವೇ ನ್ಯಾಯಪೀಠವನ್ನು ತಲುಪಬೇಕು.

4

ಪದವೊಂದು ಸಂಖ್ಯೆಯ ವೇಷ ತೊಟ್ಟು ಸಂಚರಿಸಿದ್ದಕ್ಕೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಉದಾಹರಣೆ ಪ್ರಸಿದ್ಧವಾಗಿದೆ. 2002ರ ಮೆಕ್ಯೂನ್ ವಿರುದ್ಧ ಲೈಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಆಂಥೊನಿ ಕೆನೆಡಿ, ಚಿಕಿತ್ಸೆ ಪಡೆಯದ ಲೈಂಗಿಕ ಅಪರಾಧಿಗಳು ಮತ್ತೆ ಅಪರಾಧವೆಸಗುವ ಪ್ರಮಾಣ ಶೇ. 80ರವರೆಗೂ ಇರಬಹುದೆಂಬ ಅಂದಾಜನ್ನು ಉಲ್ಲೇಖಿಸಿ, ಆ ಅಪಾಯ ಭಯಹುಟ್ಟಿಸುವಷ್ಟು ಅಧಿಕವೆಂಬ ಅರ್ಥದ ಮಾತನ್ನು ಬರೆದರು. ಮರುವರ್ಷ ಸ್ಮಿತ್ ವಿರುದ್ಧ ಡೋ ಪ್ರಕರಣದಲ್ಲಿ, ಅಪರಾಧಿಗಳ ಸಾರ್ವಜನಿಕ ನೋಂದಣಿಯನ್ನು ಎತ್ತಿಹಿಡಿಯುವಾಗ, ಅದೇ ನುಡಿಗಟ್ಟು ಮರಳಿ ಬಂತು. ಅಲ್ಲಿಂದ ಮುಂದೆ ಅದು ಕೆಳಗಿನ ನ್ಯಾಯಾಲಯಗಳ ತೀರ್ಪುಗಳಲ್ಲಿ ಮಂತ್ರದಂತೆ ಪುನರುಚ್ಚಾರಗೊಂಡಿತು.

2015ರಲ್ಲಿ ಐರಾ ಎಲ್‌ಮನ್ ಮತ್ತು ಟಾರಾ ಎಲ್‌ಮನ್ ಎಂಬ ಸಂಶೋಧಕರು ಈ ಶೇ. 80ರ ಮೂಲವನ್ನು ಬೆನ್ನಟ್ಟಿದರು. ನಮ್ಮ ಗ್ರಂಥಸಂಪಾದಕರು ಹಸ್ತಪ್ರತಿಯೊಂದರ ಪಾಠವನ್ನು ಪ್ರತಿಯಿಂದ ಪ್ರತಿಗೆ ಹಿಂದಕ್ಕೆ ಒಯ್ಯುವ ಕ್ರಮವೇ ಅದು. ತೀರ್ಪಿನ ಆಕರ 1988ರ ಒಂದು ಸರ್ಕಾರಿ ಕೈಪಿಡಿ. ಕೈಪಿಡಿಯ ಆಕರ 1986ರಲ್ಲಿ ಜನಪ್ರಿಯ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಬಂದ ಲೇಖನ. ಆ ಲೇಖನವನ್ನು ಬರೆದವರು ಕೈದಿಗಳಿಗೆ ಚಿಕಿತ್ಸಾ ಕಾರ್ಯಕ್ರಮ ನಡೆಸುತ್ತಿದ್ದವರು. ಅಲ್ಲಿ ಆ ಸಂಖ್ಯೆ ಒಂದು ವಾಕ್ಯದ ನಡುವೆ, ಯಾವ ಆಧಾರವನ್ನೂ ಒದಗಿಸದೆ, ಬಂದುಹೋಗಿತ್ತು. ಮೂಲಪ್ರತಿಯೇ ಇಲ್ಲದ ಪಾಠವೊಂದು ಪ್ರತಿಗಳ ಬಲದಿಂದಲೇ ಅಧಿಕೃತವಾಯಿತೆಂದು ಹೇಳಬಹುದು. ಹಿಂದಿನ ಭಾಗದಲ್ಲಿ ಕಂಡ ಶೇ. 13.4ರ ಲೆಕ್ಕ ತೀರ್ಪಿಗೆ ನಾಲ್ಕು ವರ್ಷ ಮೊದಲೇ ಪ್ರಕಟವಾಗಿತ್ತೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಲಭ್ಯವಿದ್ದ ಸಂಖ್ಯೆಯನ್ನು ಬಿಟ್ಟು ಭಯಕ್ಕೆ ಒಪ್ಪುವ ಸಂಖ್ಯೆಯನ್ನು ಆರಿಸಿಕೊಳ್ಳಲಾಯಿತು.

ಇಲ್ಲಿ ಒಂದು ಪ್ರತಿವಾದವನ್ನು ಎದುರುಗೊಳ್ಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಮೇಲಿನ ಎಲ್ಲ ಪ್ರಮಾಣಗಳೂ ಎಣಿಸುವುದು ಪೊಲೀಸರವರೆಗೆ ಅಥವಾ ನ್ಯಾಯಾಲಯದವರೆಗೆ ತಲುಪಿದ ಅಪರಾಧಗಳನ್ನು ಮಾತ್ರ. ಲೈಂಗಿಕ ಅಪರಾಧಗಳಲ್ಲಿ ಬಹುಪಾಲು ಹೊರಬರುವುದೇ ಇಲ್ಲ. ಆದುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚೇ ಇರಬೇಕು ಎಂಬ ವಾದ ನ್ಯಾಯವಾದುದು. ಹಾಗಿದ್ದರೂ ಅದು ಶೇ. 80ನ್ನು ಸಮರ್ಥಿಸುವುದಿಲ್ಲ, ಮೌನದಿಂದ ಯಾವ ಸಂಖ್ಯೆಯನ್ನೂ ಹೆಕ್ಕಿ ತೆಗೆಯಲಾಗದು. ಅದು ತೋರಿಸಿಕೊಡುವುದು ಬೇರೊಂದನ್ನು. ಅಳತೆಯ ಶಾಸ್ತ್ರ ಅಪರಾಧದ ಸಂಭವವನ್ನಲ್ಲ, ದೂರಿನ ಸಂಭವವನ್ನೂ ಸೇರಿಸಿಕೊಂಡ ಒಂದು ಮಿಶ್ರಣವನ್ನು ಅಳೆಯುತ್ತಿದೆ. ಈ ಅಂಶಕ್ಕೆ ಭಾರತದ ಸಂದರ್ಭದಲ್ಲಿ ಮರಳಿ ಬರಬೇಕಾಗುತ್ತದೆ.

5

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆ ನಮ್ಮಲ್ಲಿದೆ. 'ಮಾಡುವವನು' ಎಂಬ ಕೃದಂತನಾಮದ ಹಿಂದೆ ಕೆಲಸ ಮಾಡುವುದು ಈ ಗಾದೆಯ ತತ್ತ್ವವೇ. ಸಂಶೋಧನೆ ಈ ಗಾದೆಯ ಪರವಾಗಿಲ್ಲ. ಹ್ಯಾನ್ಸನ್ ಮತ್ತು ಸಂಗಡಿಗರು 2014ರಲ್ಲಿ 21 ಗುಂಪುಗಳಿಗೆ ಸೇರಿದ 7,740 ಮಂದಿಯ ಮಾಹಿತಿಯನ್ನು ಪರಿಶೀಲಿಸಿದರು. ಹೆಚ್ಚಿನ ಅಪಾಯದವರೆಂದು ಅಂಕ ಪಡೆದವರಲ್ಲಿ ಬಿಡುಗಡೆಯ ಮೊದಲ ಐದು ವರ್ಷಗಳಲ್ಲಿ ಶೇ. 22ರಷ್ಟು ಮಂದಿ ಮತ್ತೆ ಅಪರಾಧ ಮಾಡಿದ್ದರು. ಆದರೆ ಹತ್ತು ವರ್ಷ ಸಮಾಜದಲ್ಲಿದ್ದೂ ಲೈಂಗಿಕ ಅಪರಾಧ ಮಾಡದೆ ಉಳಿದವರಲ್ಲಿ, ಅದರ ಮುಂದಿನ ಐದು ವರ್ಷಗಳ ಪ್ರಮಾಣ ಶೇ. 4.2ಕ್ಕೆ ಇಳಿದಿತ್ತು. ಕಾಲವೂ ಒಂದು ಸಾಕ್ಷಿ; ಸ್ಥಿರ ಅಂಶಗಳ ಪಟ್ಟಿಗೆ ಆ ಸಾಕ್ಷಿಯ ಮಾತನ್ನು ಬರೆದುಕೊಳ್ಳಲು ಅಂಕಣವಿಲ್ಲ.

ಈ ಕೊರತೆಯನ್ನು ತುಂಬಲೆಂದೇ ಬದಲಾಗಬಲ್ಲ ಅಂಶಗಳನ್ನು ಗಮನಿಸುವ 'ಸ್ಟೇಬಲ್-2007'ರಂತಹ ಅಳತೆಗಳು ಬಂದವು. ಆತ್ಮೀಯ ಸಂಬಂಧಗಳನ್ನು ಉಳಿಸಿಕೊಳ್ಳುವ ಶಕ್ತಿ, ಆವೇಗದ ಮೇಲಿನ ಹತೋಟಿ, ಲೈಂಗಿಕತೆಯನ್ನೇ ಸಂಕಟಕ್ಕೆ ಮದ್ದೆಂದು ಬಳಸುವ ಅಭ್ಯಾಸ, ಹೆಂಗಸರ ಬಗೆಗಿನ ದ್ವೇಷ, ಮೇಲ್ವಿಚಾರಣಾಧಿಕಾರಿಯೊಡನೆ ಸಹಕಾರ ಇವೇ ಮುಂತಾದವು ಅಲ್ಲಿನ ಅಂಶಗಳು. ಇವು ಚಿಕಿತ್ಸೆಯ ಗುರಿಗಳೂ ಹೌದು. ಹಳೆಯ ಪಟ್ಟಿ ಕೇಳುತ್ತಿದ್ದುದು 'ಇವನು ಯಾರಾಗಿದ್ದ?' ಎಂದು, ಹೊಸದು ಕೇಳುವುದು 'ಇವನಲ್ಲಿ ಈಗ ಏನು ಬದಲಾಗಬೇಕು?' ಎಂದು. ಎರಡನೆಯ ಪ್ರಶ್ನೆಗೆ ಉತ್ತರ ಪಡೆಯಲು ತರಬೇತಾದ ಸಿಬ್ಬಂದಿ, ಸಮಯ ಮತ್ತು ಹಣ ಬೇಕು. ಅಳತೆಯೆಂಬುದು ಕಾಗದದ ಕೆಲಸವಲ್ಲ, ಒಂದು ವ್ಯವಸ್ಥೆಯ ಕೊನೆಯ ಕೊಂಡಿ ಎಂಬುದು ಇದರಿಂದ ವಿದಿತವಾಗುತ್ತದೆ.

6

ಈ ಹಿನ್ನೆಲೆಯಲ್ಲಿ ಭಾರತದ ಸ್ಥಿತಿಯನ್ನು ನೋಡಬಹುದು. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯವನ್ನು ಆರಂಭಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನಿರ್ವಹಿಸುವ ಈ ಸಂಚಯದಲ್ಲಿ ಆರಂಭಕ್ಕೇ ಸುಮಾರು 4.4 ಲಕ್ಷ ನಮೂದುಗಳಿದ್ದವು. ಅಮೆರಿಕದ ಪಟ್ಟಿಗಳಂತೆ ಇದು ಸಾರ್ವಜನಿಕರಿಗೆ ತೆರೆದುಕೊಂಡಿಲ್ಲ. ಪೊಲೀಸ್ ಮುಂತಾದ ತನಿಖಾ ಸಂಸ್ಥೆಗಳಿಗೆ ಮಾತ್ರ ಲಭ್ಯ. ಈ ನಿರ್ಧಾರ ಸ್ವಾಗತಾರ್ಹ. ಆದರೆ ಯೋಜನೆಯ ಹಂತದಲ್ಲಿ ಪತ್ರಿಕೆಗಳು ವರದಿ ಮಾಡಿದ ವರ್ಗೀಕರಣ ಚಿಂತನಾರ್ಹ: ಕಡಿಮೆ ಅಪಾಯದವರ ವಿವರ 15 ವರ್ಷ, ಮಧ್ಯಮ ಅಪಾಯದವರದು 25 ವರ್ಷ, ಹೆಚ್ಚು ಅಪಾಯದವರದು ಜೀವನಪರ್ಯಂತ. ಅಮೆರಿಕದ 2006ರ ಆಡಮ್ ವಾಲ್ಷ್ ಕಾನೂನಿನ ಮೂರು ಶ್ರೇಣಿಗಳ ಅವಧಿಗಳೂ ಇವೇ. ಆ ಕಾನೂನಿನಲ್ಲಿ ಶ್ರೇಣಿಯನ್ನು ನಿರ್ಧರಿಸುವುದು ವ್ಯಕ್ತಿಯ ಅಪಾಯದ ಅಳತೆಯಲ್ಲ, ಆತನ ಮೇಲೆ ರುಜುವಾತಾದ ಅಪರಾಧದ ಹೆಸರು. ಅಪರಾಧದ ಹೆಸರಿನಿಂದಲೇ 'ಅಪಾಯ'ವನ್ನು ನಿರ್ಧರಿಸುವುದೆಂದರೆ, 'ಮಾಡಿಯಾನು' ಎಂಬ ಪದವನ್ನು ಉಳಿಸಿಕೊಂಡು ಅದರ ಹಿಂದಿನ ಲೆಕ್ಕವನ್ನು ಬಿಟ್ಟುಬಿಟ್ಟಂತೆ.

'ಪುನರಪರಾಧಿ' ಎಂಬ ಪದದ ಅರ್ಥವೂ ನಮ್ಮಲ್ಲಿ ಬೇರೆಯೇ. 2013ರ ತಿದ್ದುಪಡಿಯ ಮೂಲಕ ಭಾರತೀಯ ದಂಡ ಸಂಹಿತೆಗೆ ಸೇರಿದ 376ಇ ಕಲಮು, ಅತ್ಯಾಚಾರಕ್ಕೆ ಎರಡನೆಯ ಬಾರಿ ಶಿಕ್ಷಿತನಾದವನಿಗೆ ಬದುಕಿನ ಕೊನೆಯವರೆಗಿನ ಸೆರೆವಾಸ ಅಥವಾ ಮರಣದಂಡನೆಯನ್ನು ವಿಧಿಸಿತು; ಈಗಿನ ಭಾರತೀಯ ನ್ಯಾಯ ಸಂಹಿತೆಯ 71ನೆಯ ಕಲಮು ಅದನ್ನೇ ಮುಂದುವರಿಸಿದೆ. ಮುಂಬಯಿಯ ಶಕ್ತಿ ಮಿಲ್ಸ್ ಪ್ರಕರಣಗಳಲ್ಲಿ ಈ ಕಲಮು ಮೊದಲ ಬಾರಿಗೆ ಬಳಕೆಗೆ ಬಂತು. ಅಲ್ಲಿನ ಎರಡು ಅಪರಾಧಗಳೂ 2013ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆದವು. ಎರಡರಲ್ಲಿಯೂ ದೋಷನಿರ್ಣಯವಾದುದು 2014ರ ಮಾರ್ಚಿನಲ್ಲಿ. ಒಂದರ ದೋಷನಿರ್ಣಯವನ್ನು ಇನ್ನೊಂದಕ್ಕೆ 'ಹಿಂದಿನದು' ಎಂದು ಪರಿಗಣಿಸಿ ಏಪ್ರಿಲ್‌ನಲ್ಲಿ ಮೂವರಿಗೆ ಮರಣದಂಡನೆ ವಿಧಿಸಲಾಯಿತು. ಬಾಂಬೆ ಉಚ್ಚ ನ್ಯಾಯಾಲಯ 2019ರಲ್ಲಿ ಕಲಮಿನ ಸಾಂವಿಧಾನಿಕತೆಯನ್ನು ಎತ್ತಿಹಿಡಿದು, 2021ರ ನವೆಂಬರಿನಲ್ಲಿ ಆ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಆ ಅಪರಾಧಗಳ ಘೋರತೆಯ ಬಗ್ಗೆ ಎರಡು ಮಾತಿಲ್ಲ. ಇಲ್ಲಿ ಎತ್ತುತ್ತಿರುವ ಪ್ರಶ್ನೆ ಪರಿಭಾಷೆಯದು. ಅಳತೆಯ ಶಾಸ್ತ್ರದಲ್ಲಿ ಪುನರಪರಾಧವೆಂದರೆ ಸಿಕ್ಕಿಬಿದ್ದು, ಶಿಕ್ಷೆಗೊಳಗಾಗಿ, ಅದರ ನಂತರವೂ ಮಾಡಿದ ಅಪರಾಧ. ನಮ್ಮ ಕಾನೂನಿನಲ್ಲಿ ಎರಡು ಬಾರಿ ದೋಷಿಯೆನಿಸುವುದೇ ಪುನರಪರಾಧ. ಒಂದೇ ಪದದ ಈ ಎರಡು ಅರ್ಥಗಳನ್ನು ಬೇರ್ಪಡಿಸದೆ ವಿದೇಶದ ಪ್ರಮಾಣಗಳನ್ನು ಇಲ್ಲಿನ ಚರ್ಚೆಗೆ ಎಳೆದು ತರುವ ಲೇಖನಗಳು ತಪ್ಪು ಹೆಜ್ಜೆಯಿಂದಲೇ ಆರಂಭವಾಗುತ್ತವೆ.

ಸಂಭಾವನೆಯ ಭಾಷೆ ನಮ್ಮ ನ್ಯಾಯಾಂಗಕ್ಕೆ ಹೊಸದೇನೂ ಅಲ್ಲ. 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಆರೋಪಿ ಸಮಾಜಕ್ಕೆ ನಿರಂತರ ಬೆದರಿಕೆಯಾಗದಿರುವ ಸಂಭವ ಮತ್ತು ಆತ ಸುಧಾರಿಸುವ ಸಂಭವ ಇವೆರಡನ್ನೂ ಗಲ್ಲುಶಿಕ್ಷೆಯ ವಿರುದ್ಧ ತೂಗಬೇಕಾದ ಅಂಶಗಳೆಂದು ಒಪ್ಪಿ, ಅವು ಇಲ್ಲವೆಂದು ಸಾಕ್ಷ್ಯದಿಂದ ಸಿದ್ಧಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಆದರೆ ಅನೇಕ ತೀರ್ಪುಗಳಲ್ಲಿ ಈ ಹೊಣೆಯ ಜಾಗವನ್ನು ಅಪರಾಧದ ಕ್ರೌರ್ಯದ ವರ್ಣನೆಯೇ ತುಂಬಿತು. ವಿಶೇಷಣ ಸಾಕ್ಷ್ಯವಾಯಿತು. 2022ರ ಮನೋಜ್ ವಿರುದ್ಧ ಮಧ್ಯಪ್ರದೇಶ ತೀರ್ಪು ಮನೋವೈದ್ಯಕೀಯ ಪರೀಕ್ಷೆಯ ವರದಿ, ಸೆರೆಮನೆಯೊಳಗಿನ ನಡತೆಯ ವರದಿ ಮುಂತಾದವನ್ನು ತರಿಸಿಕೊಳ್ಳಬೇಕೆಂದು ವಿಧಿಸಿ ಈ ಲೋಪವನ್ನು ಸರಿಪಡಿಸಲೆತ್ನಿಸಿದೆ. ಈ ವರದಿಗಳ ಭಾಷೆ ಹೇಗಿರಬೇಕೆಂಬುದು ಇನ್ನು ಮುಂದಿನ ನಿಜವಾದ ಪ್ರಶ್ನೆ.

ಕೆನಡಾ ಮತ್ತು ಬ್ರಿಟನ್ನಿನ ಕೈದಿಗಳ ಮಾಹಿತಿಯಿಂದ ರೂಪುಗೊಂಡ ಪಟ್ಟಿಯನ್ನು ಹಾಗೆಯೇ ಅನುವಾದಿಸಿಕೊಂಡರೆ ಏನಾದೀತು? ಸಂಗಾತಿಯೊಡನೆ ಎರಡು ವರ್ಷ ಬಾಳಿದವನಿಗೆ ಅಲ್ಲಿ ಅಂಕವಿಲ್ಲ. ಸಂಬಂಧವನ್ನು ಕಟ್ಟಿಕೊಳ್ಳುವ ಸಾಮರ್ಥ್ಯದ ಕುರುಹು ಅದು. ಹಿರಿಯರೇ ಮದುವೆ ನಿಶ್ಚಯಿಸುವ, ಬಹುಪಾಲು ಗಂಡಸರು ಮದುವೆಯಾಗಿಯೇ ತೀರುವ ಸಮಾಜದಲ್ಲಿ ಅದು ಏನನ್ನು ಸೂಚಿಸುತ್ತದೆ? ಇನ್ನೂ ಗಂಭೀರವಾದುದು ಅಪರಿಚಿತರ ಹಾಗೂ ಸಂಬಂಧಿಕರಲ್ಲದವರ ಕುರಿತ ಅಂಶಗಳು. ನಮ್ಮ ಅಪರಾಧ ದಾಖಲೆಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರು. ಸ್ವಂತ ಮನೆಯ ಮಗುವನ್ನೇ ಪೀಡಿಸಿದ ಮಧ್ಯವಯಸ್ಸಿನ ಗೃಹಸ್ಥ, ಹಿಂದೆ ಶಿಕ್ಷೆಯಾಗದವನು, ಈ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಅಂಕ ಪಡೆಯುತ್ತಾನೆ. ಹ್ಯಾರಿಸ್ ಮತ್ತು ಹ್ಯಾನ್ಸನ್ ಅವರ ಲೆಕ್ಕದಲ್ಲೂ ಕುಟುಂಬದೊಳಗಿನ ಅಪರಾಧಿಗಳ 15 ವರ್ಷಗಳ ಪ್ರಮಾಣ ಶೇ. 13, ಕುಟುಂಬದ ಹೊರಗಿನ ಹುಡುಗರನ್ನು ಪೀಡಿಸಿದವರದು ಶೇ. 35. ಈ ಅಂತರದಲ್ಲಿ ನಿಜವಾದ ಕಡಿಮೆ ಅಪಾಯ ಎಷ್ಟು, ಮನೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿದ ಬಾಯಿಗಳೆಷ್ಟು? ಬೇಲಿಯೇ ಎದ್ದು ಹೊಲ ಮೇಯ್ದಾಗ ದೂರು ಕೊಡಬೇಕಾದವರು ಅದೇ ಬೇಲಿಯೊಳಗೆ ಇರುತ್ತಾರೆ. ದೂರಿನ ಸಂಭವ ಕಡಿಮೆಯಿರುವಲ್ಲಿ ಅಪರಾಧದ ಸಂಭವವೂ ಕಡಿಮೆಯೆಂದು ಬರೆದುಕೊಳ್ಳುವ ಪಟ್ಟಿ, ಆ ಮಗುವಿನ ಪಾಲಿಗೆ ಎರಡನೆಯ ಬೇಲಿಯಾಗುತ್ತದೆ.

ಒಂದು ಸಮುದಾಯದ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದೆಂಬ ಮಾತು ಕೆನಡಾದಲ್ಲಿಯೇ ನ್ಯಾಯಾಲಯದ ಮೂಲಕ ಬಂದಿದೆ. 2018ರ ಯೂವರ್ಟ್ ವಿರುದ್ಧ ಕೆನಡಾ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಸ್ಟಾಟಿಕ್-99 ಸೇರಿದಂತೆ ಕೆಲವು ಅಳತೆಗಳು ಮೂಲನಿವಾಸಿ ಕೈದಿಗಳ ವಿಷಯದಲ್ಲಿ ನಿಖರವಾಗಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಕರ್ತವ್ಯದಲ್ಲಿ ಸೆರೆಮನೆ ಇಲಾಖೆ ತಪ್ಪಿದೆಯೆಂದು ಘೋಷಿಸಿತು. ಭಾರತಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ 'ಮಾಡುವವರು' ಎಂದು ದಾಖಲಿಸಿತ್ತು. 1952ರಲ್ಲಿ ಅದು ರದ್ದಾಯಿತು. ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಮಾತ್ರ ಆ ಕಾಲದ ತಂತಿಬೇಲಿಯನ್ನು ಇಂದಿಗೂ ನೆನಪಿಸುತ್ತದೆ. ಪೊಲೀಸ್ ದಾಖಲೆಯನ್ನು ಆಧರಿಸಿ ಅಂಕ ಕೂಡಿಸುವ ಯಾವ ಅಳತೆಯೂ, ಪೊಲೀಸರು ಯಾರ ಮನೆಬಾಗಿಲನ್ನು ಹೆಚ್ಚು ತಟ್ಟಿದ್ದಾರೆಂಬ ಇತಿಹಾಸವನ್ನೂ ತನ್ನೊಳಗೆ ಹೊತ್ತಿರುತ್ತದೆ.

7

ಇಷ್ಟೆಲ್ಲ ಹೇಳಿದ ಮೇಲೆ ಅಳತೆಯನ್ನೇ ಕೈಬಿಡಬೇಕೆಂಬ ನಿಲುವಿಗೆ ಬರುವುದು ಸುಲಭ; ಆದರೆ ಅದು ಸರಿಯಲ್ಲ. ಅಳತೆಯಿಲ್ಲದ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ತಜ್ಞನ ಮನೋಧರ್ಮ, ಅಧಿಕಾರಿಯ ಪೂರ್ವಗ್ರಹ, ಪತ್ರಿಕೆಯ ತಲೆಬರಹ ಬಂದು ಕೂರುತ್ತವೆ. ತನ್ನ ತಪ್ಪಿನ ಪ್ರಮಾಣವನ್ನು ತಾನೇ ಹೇಳಿಕೊಳ್ಳುವ ಸಾಧಾರಣ ಶಕ್ತಿಯ ಅಳತೆ, ತಪ್ಪನ್ನೇ ಒಪ್ಪದ ಆತ್ಮವಿಶ್ವಾಸಕ್ಕಿಂತ ಮೇಲು. ಬೇಕಾಗಿರುವುದು ಇಲ್ಲಿನ ಬಿಡುಗಡೆಗೊಂಡವರನ್ನು ವರ್ಷಗಟ್ಟಲೆ ಅನುಸರಿಸಿ ಕಟ್ಟಿದ, ಮನೆಯೊಳಗಿನ ಅಪರಾಧವನ್ನು ಕಾಣಬಲ್ಲ, ಬದಲಾವಣೆಗೆ ಅಂಕಣವಿರುವ ಅಳತೆ. ಅದರ ಜೊತೆಗೆ ಅದನ್ನು ವರದಿ ಮಾಡುವ ಪ್ರಾಮಾಣಿಕ ಭಾಷೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಕನ್ನಡ ಪತ್ರಿಕೆಗಳ ಅಪರಾಧ ವರದಿಗಳಲ್ಲಿ 'ಕಾಮುಕ' ಎಂಬ ನಾಮಪದ, ಆರೋಪ ಇನ್ನೂ ರುಜುವಾತಾಗದ ಹಂತದಲ್ಲೇ, ವ್ಯಕ್ತಿಯ ಪೂರ್ಣ ಪರಿಚಯವಾಗಿ ಬಳಕೆಯಾಗುತ್ತದೆ. ಆ ಪದವಿರುವ ವಾಕ್ಯದಲ್ಲಿ ಓದುಗನ ಕಣ್ಣು ಬೀದಿಯ ಅಪರಿಚಿತನತ್ತ ಹೊರಳುತ್ತದೆ, ಮನೆಯೊಳಗಿನ ಪರಿಚಿತನಿಂದ ದೂರ ಸರಿಯುತ್ತದೆ. ಮರಾಠಿ, ತಮಿಳು, ತೆಲುಗು, ಹಿಂದಿ ಪತ್ರಿಕೆಗಳ ನಡುವೆ ಬದುಕುತ್ತಿರುವ ನಮ್ಮವರು ಈ ಪದಗಳನ್ನು ತೌಲನಿಕವಾಗಿ ಸಂಗ್ರಹಿಸಿ ಪರಿಶೀಲಿಸಿದರೆ ಭಯದ ಭಾಷೆಯ ಒಂದು ನಕ್ಷೆಯೇ ದೊರೆತೀತು. ಸೆರೆಮನೆಯ ವರದಿ ಬರೆಯುವ ಅಧಿಕಾರಿಗೂ, ಅದನ್ನು ಅನುವಾದಿಸುವವರಿಗೂ, ಅದರ ಮೇಲೆ ತೀರ್ಪು ಕೊಡುವವರಿಗೂ ನಮ್ಮ ವ್ಯಾಕರಣ ಒಂದು ರೂಪವನ್ನು ಬಹಳ ಹಿಂದೆಯೇ ಸಿದ್ಧಮಾಡಿಟ್ಟಿದೆ. 'ನೂರರಲ್ಲಿ ಇಪ್ಪತ್ತು ಮಂದಿ ಮಾಡಿಯಾರು. ಎಂಬತ್ತು ಮಂದಿ ಮಾಡಲಿಕ್ಕಿಲ್ಲ. ಇವನು ಯಾರ ಸಾಲಿನವನೆಂದು ಈ ಅಂಕ ಹೇಳದು' ಎಂದು ಬರೆಯಲು ಕನ್ನಡಕ್ಕೆ ಯಾವ ಎರವಲೂ ಬೇಕಿಲ್ಲ. ಅಂಥ ವಾಕ್ಯದಿಂದ ನ್ಯಾಯಾಧೀಶನಿಗೆ ನೆಮ್ಮದಿ ಸಿಗಲಾರದು. ಆದರೆ ಒಬ್ಬನ ಉಳಿದ ಆಯುಷ್ಯವನ್ನೂ ಒಂದು ಮಗುವಿನ ಸುರಕ್ಷತೆಯನ್ನೂ ಒಟ್ಟಿಗೆ ತೂಗುವ ತಕ್ಕಡಿಯ ಮುಂದೆ ಕುಳಿತವನಿಗೆ ಅಷ್ಟು ಅಶಾಂತಿ ಇರಬೇಕಾದುದೇ.